ಹೋದರು ಅಂದರೆ ಎಲ್ಲಿಗೆ?

ಸಿದ್ದಲಿಂಗೇಶನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಊರೆಲ್ಲ ಅವನನ್ನು ಡ್ರೈವರ್ ಎಂದೇ ತಿಳಿದಿತ್ತು. 'ಅರಿಶಿನದ ಹೊಸ್ತಿಲು' ಎಂಬ ಧಾರಾವಾಹಿಯಲ್ಲಿ ಅವನು ದೊಡ್ಡಮನೆಯ ಡ್ರೈವರ್ ಗೋಪಿ. ಮುನ್ನೂರ ಹನ್ನೆರಡು ಸಂಚಿಕೆಗಳಲ್ಲಿ ಅವನು ಆಡಿದ ಮಾತು ಹೆಚ್ಚುಕಡಿಮೆ ಒಂದೇ: "ಗಾಡಿ ರೆಡಿ ಇದೆ ಅಮ್ಮಾವ್ರೇ." ಅಷ್ಟು ಹೇಳಿ ಕಾರಿನ ಬಾಗಿಲು ಹಿಡಿದು ನಿಲ್ಲುತ್ತಿದ್ದ. ಗಾಡಿ ಹೊರಡುವ ಹೊತ್ತಿಗೆ ಬೇರೆ ಯಾರೋ ಅವನ ಟೋಪಿ ಹಾಕಿಕೊಂಡು ಸ್ಟೀರಿಂಗ್ ಹಿಡಿಯುತ್ತಿದ್ದರು. ತನ್ನೂರು ಕಂಪ್ಲಿಗೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಹಂಪಮ್ಮ ಮೊದಲುಗೊಂಡು ಎಲ್ಲರೂ "ಏನಪಾ ಗಾಡಿ ರೆಡಿ, ಯಾವಾಗ ಬಂದಿ?" ಎಂದು ಕೇಳುತ್ತಿದ್ದರು. ಅದು ಅವನ ಕಿವಿಗೆ ಬಿರುದಿನಂತೆಯೇ ಬೀಳುತ್ತಿತ್ತು.

ಸೇರುವಾಗ ಹದಿನಾಲ್ಕು ಪುಟದ ಒಪ್ಪಂದಕ್ಕೆ ಸಹಿ ಹಾಕಿದ್ದ. ಅದೆಲ್ಲ ಇಂಗ್ಲಿಷಿನಲ್ಲಿತ್ತು. ಪ್ರೊಡಕ್ಷನ್ ಮ್ಯಾನೇಜರ್ ಅದರ ಸಾರವನ್ನು ಕನ್ನಡದಲ್ಲಿ ತಿಳಿಸಿದ್ದರು: "ನೋಡಯ್ಯ, ಇದು ಮುಗಿಯೋವರೆಗೂ ಬೇರೆ ಯಾವ ತೆರೆ ಮೇಲೂ ನೀನು ಮುಖ ತೋರಿಸೋ ಹಾಗಿಲ್ಲ. ತೋರಿಸಿದ್ರೆ ಗೋಪಿ ಗಾಡಿಗೆ ಬ್ರೇಕ್ ಫೇಲ್ ಆಗುತ್ತೆ." ಧಾರಾವಾಹಿಯವರು ನಟನನ್ನು ಕೆಲಸದಿಂದ ತೆಗೆಯುವ ಕ್ರಮವೇ ಅದು. ನೋಟೀಸು ಗೀಟೀಸು ಕೊಡುವುದಿಲ್ಲ. ಲಾರಿಗೆ ಗುದ್ದಿಸಿ, ಫೋಟೋಗೆ ಹಾರ ಹಾಕಿ, ಮರುದಿನ ಬೇರೆ ಡ್ರೈವರನ್ನು ತರುತ್ತಾರೆ.

ಹೀಗಿರುವಾಗ ಕಮಲಾಪುರದ ಎರ್ರೆಪ್ಪನ ಫೋನು ಬಂತು. ಎರ್ರೆಪ್ಪ ಎಂದರೆ ಹಂಪಿ ಸುತ್ತಮುತ್ತ ಶೂಟಿಂಗಿಗೆ ಬರುವವರಿಗೆ ಎತ್ತಿನ ಬಂಡಿ, ಹಳೇ ಮನೆ, ಅಳುವ ಮುದುಕಿಯರು, ಏನು ಬೇಕೋ ಅದನ್ನು ಒದಗಿಸುವ ಮನುಷ್ಯ.

"ಪಿಚ್ಚರಿನಾಗ ಒಂದು ಪಾರ್ಟ್ ಐತೋ ಸಿದ್ಲಿಂಗ. ಹೆಣದ ಮುಂದ ಅಳೋ ಮಗ. ತಲಿ ತುಂಬ ಟವಲ್ ಹೊದ್ಕಂಡು ಕುಂದ್ರಬೇಕು. ಒಂದ ಡೈಲಾಗು. 'ಅಪ್ಪಾ' ಅನ್ನೋದು."

"ಮುಖ ಕಾಣ್ತೈತೇನು?"

"ನಿನ್ನ ಮುಖ ಯಾರಿಗೆ ಬೇಕೋ? ಬೆನ್ನು ಅಲುಗಾಡಿದ್ರ ಸಾಕು."

ಸಿದ್ದಲಿಂಗೇಶ ಹದಿನಾಲ್ಕು ಪುಟಗಳನ್ನೂ ಮನಸ್ಸಿನಲ್ಲಿ ತಿರುವಿಹಾಕಿದ. ಮುಖದ ವಿಚಾರ ಇತ್ತೇ ಹೊರತು ಬೆನ್ನಿನ ಬಗ್ಗೆ ಮ್ಯಾನೇಜರ್ ಒಂದು ಮಾತೂ ಆಡಿರಲಿಲ್ಲ. ಕಾನೂನು ತನ್ನ ಕಡೆಗಿದೆ ಎಂದು ಅವನಿಗೆ ಖಾತ್ರಿಯಾಯಿತು.

ಉಳಿದದ್ದು ಒಂದು ದಿನದ ರಜೆ. ಅಪ್ಪನಿಗೆ ಹೊಟ್ಟೆನೋವು, ಹೊಸಪೇಟೆ ಆಸ್ಪತ್ರೆಗೆ ಹೋದರು ಎಂದು ಹೇಳುವುದೆಂದು ತೀರ್ಮಾನಿಸಿ ಮ್ಯಾನೇಜರಿಗೆ ಫೋನ್ ಹಚ್ಚಿದ. ಸುಳ್ಳು ಹೇಳುವಾಗ ಅವನ ದನಿ ತಾನಾಗಿಯೇ ನಡುಗುತ್ತಿತ್ತು. ಆ ಗಾಬರಿಯಲ್ಲಿ ಆಸ್ಪತ್ರೆ ಹಿಂದೆ ಬಿದ್ದು ಕ್ರಿಯಾಪದ ಮುಂದೆ ನುಗ್ಗಿತು.

"ಸರ್, ನಮ್ಮಪ್ಪ... ಹೋದ್ರು ಸರ್."

"ಅಯ್ಯೋ ಶಿವನೇ! ಯಾವಾಗ ಹೋದ್ರು?"

"ಬೆಳಿಗ್ಗೆ ಏಳಕ್ಕೆ ಸರ್."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ ಸರ್. ಬಸ್ಸಲ್ಲಿ ಒಬ್ರೇ..."

"ಬಸ್ಸಲ್ಲೇ ಹೋಗಿಬಿಟ್ರಾ! ಛೆ, ಛೆ. ಎಂಥಾ ಸಾವಯ್ಯ! ಮೂರು ದಿನ ರಜಾ ತಗೋ. ಧೈರ್ಯ ತಂದ್ಕೋ."

ಒಂದು ದಿನ ಕೇಳಲು ಹೋದವನಿಗೆ ಮೂರು ದಿನ ಸಿಕ್ಕಿತು. ತಿದ್ದುವುದು ಹೇಗೆ? 'ಇಲ್ಲ ಸರ್, ಬದುಕಿದ್ದಾರೆ' ಎಂದರೆ ಎರಡು ದಿನ ಕಡಿತವಾಗುತ್ತದೆ. ಅಪ್ಪನಿಗೇನೂ ತೊಂದರೆಯಿಲ್ಲವಲ್ಲ ಎಂದುಕೊಂಡು ಆ ರಾತ್ರಿಯೇ ಬಸ್ ಹತ್ತಿದ.

ಅಪ್ಪ ಮರಿಸ್ವಾಮಿಗೆ ನಿಜವಾಗಿಯೂ ಏನೂ ತೊಂದರೆಯಿರಲಿಲ್ಲ. ಅಕ್ಕಿ ಗಿರಣಿಯನ್ನು ಬೇರೆಯವರಿಗೆ ವಹಿಸಿಕೊಟ್ಟು, ಸೊಸೆ ಸ್ಫೂರ್ತಿ ಮಾಡಿದ ರೊಟ್ಟಿ ತಿಂದು, ಊರಲ್ಲಿ ಯಾರಾದರೂ ಸತ್ತರೆ ಮೊದಲು ಹೋಗಿ ನಿಲ್ಲುವುದು ಅವರ ದಿನಚರಿ. ಅವರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಪೂಜೆ ಮಾಡಿ, ಕೂರಿಸಿಯೇ ಮಣ್ಣು ಕೊಡುತ್ತಾರೆ. ಹೆಣ ಸೆಟೆಯುವುದರೊಳಗೆ ಕಾಲು ಮಡಿಸಿ, ಬೆನ್ನಿಗೆ ಹಲಗೆ ಕೊಟ್ಟು, ಗದ್ದ ಕಟ್ಟಿ, ಕತ್ತು ವಾಲದಂತೆ ರುಮಾಲು ಸುತ್ತುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಕಂಪ್ಲಿಯಲ್ಲಿ ಆ ವಿದ್ಯೆ ಮರಿಸ್ವಾಮಿಯದು. ಅವರು ಕೂರಿಸಿದರೆ ಸತ್ತವನು ಈಗ ಎದ್ದು ವ್ಯವಹಾರ ಮಾತಾಡುತ್ತಾನೆ ಅನ್ನಿಸಬೇಕು.

ಒಬ್ಬರನ್ನು ಮಾತ್ರ ಅವರು ಕೂರಿಸಿರಲಿಲ್ಲ. ಸಂಡೂರಿಗೆ ಕೊಟ್ಟ ತಂಗಿ ಸಂಗಮ್ಮನ ಗಂಡನನ್ನು. ಆ ಮನೆಯ ಗೃಹಪ್ರವೇಶಕ್ಕೆ ಬಾಯಿಮಾತಲ್ಲಿ ಕರೆದರು, ಕಾರ್ಡು ಕೊಡಲಿಲ್ಲ ಎಂಬ ಸಿಟ್ಟಿನಲ್ಲಿದ್ದ ಮರಿಸ್ವಾಮಿ, ಸಾವಿನ ಸುದ್ದಿ ಬಂದಾಗಲೂ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹೋದರು. ಅಷ್ಟರಲ್ಲಿ ಹೆಣ ಸೆಟೆದಿತ್ತು. ಕಾಲು ಮಡಚಲು ಆಗದೆ ಮಲಗಿಸಿಯೇ ಮಣ್ಣು ಮಾಡಿದರು. ಸಂಗಮ್ಮ ಅಣ್ಣನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಮರುದಿನ ಬೆಳಿಗ್ಗೆ ಸಿದ್ದಲಿಂಗೇಶ "ಹೊಸಪೇಟಿಗೆ ಹೋಗಿ ಬರ್ತೀವಿ" ಎಂದಷ್ಟೇ ಹೆಂಡತಿಗೆ ಹೇಳಿ, ಶೂಟಿಂಗ್ ನೋಡುವ ಆಸೆಯಿದ್ದ ಅಪ್ಪನನ್ನೂ ಕಟ್ಟಿಕೊಂಡು ಕಮಲಾಪುರಕ್ಕೆ ಹೋದ. ಹಳೇ ಮನೆಯೊಂದರ ಪಡಸಾಲೆಯಲ್ಲಿ ಬೆಂಗಳೂರಿನ ನಟನೊಬ್ಬ ಹೆಣವಾಗಿ ಚಾಪೆಯ ಮೇಲೆ ಮಲಗಿದ್ದ. ಅಳಲೆಂದು ಎರ್ರೆಪ್ಪ ಕರೆತಂದಿದ್ದ ಕಡ್ಡಿರಾಂಪುರದ ಹೆಂಗಸರು ಅಳಲು ಒಪ್ಪಲಿಲ್ಲ.

"ಹಣಿ ತುಂಬ ಇಭೂತಿ ಬಡಿದೀರಿ, ಕೊಳ್ಳಾಗ ಲಿಂಗ ಕಟ್ಟೀರಿ, ಮತ್ತ ಮಲಗಿಸೀರಲ್ರೀ? ಇಂಥಾ ಹೆಣಕ್ಕ ಹೆಂಗ ಅಳಬೇಕು ನಾವು?"

ನಿರ್ದೇಶಕರು ನಟನನ್ನು ಕೂರಿಸಿದರು. ಅವನು ಒಮ್ಮೆ ಎಡಕ್ಕೆ ವಾಲಿದ, ಒಮ್ಮೆ ವಿಭೂತಿ ಮೂಗಿಗೆ ಹೋಗಿ ಸೀನಿದ. ಮೂರನೆಯ ಸಲ ಸೀನಿದಾಗ ಬಾಗಿಲಲ್ಲಿ ನಿಂತಿದ್ದ ಮರಿಸ್ವಾಮಿಗೆ ತಡೆಯಲಾಗಲಿಲ್ಲ.

"ಏಳಪಾ ತಮ್ಮ, ಏಳು. ಹೆಣಕ್ಕೂ ಒಂದು ಮರ್ಯಾದಿ ಇರ್ತೈತಿ."

ಅವನನ್ನು ಎಬ್ಬಿಸಿ ತಾವೇ ಕೂತರು. ಕಾಲು ಮಡಿಸಿ, ಹಲಗೆಗೆ ಬೆನ್ನು ಕೊಟ್ಟು, ಗದ್ದ ಕಟ್ಟಿಸಿಕೊಂಡು, ರುಮಾಲು ಹೇಗೆ ಸುತ್ತಬೇಕೆಂದು ಮೇಕಪ್ಪಿನವನಿಗೆ ಹೇಳಿಕೊಟ್ಟು ಕಣ್ಣು ಮುಚ್ಚಿದರು. ಹೆಂಗಸರು ಯಾರೂ ಹೇಳದೆಯೇ ಅಳಲು ಶುರುಮಾಡಿದರು. ನಿರ್ದೇಶಕರ ಕಣ್ಣಲ್ಲೂ ನೀರು ಬಂತು.

ತೊಂದರೆ ಬಂದದ್ದು ಸಿದ್ದಲಿಂಗೇಶನಿಂದ. ನೀಲಿ ಚೌಕಳಿಯ ಟವಲ್ ಹೊದ್ದು, ಸ್ವಂತ ಅಪ್ಪನ ಮುಂದೆ ಕೂತು "ಅಪ್ಪಾ" ಎನ್ನಲು ಅವನಿಗೆ ಬಾಯಿಯೇ ಬರಲಿಲ್ಲ. ಹೇಳಿದರೆ ಚಾ ಬೇಕಾ ಎಂದು ಕೇಳಿದ ಹಾಗಿರುತ್ತಿತ್ತು. "ಇನ್ನೊಮ್ಮೆ ಹೇಳಿ" ಎಂದು ನಿರ್ದೇಶಕರು ಒಂಬತ್ತು ಸಲ ಹೇಳಿಸಿದರು. ನಡುನಡುವೆ ಹೆಣ ತುಟಿ ಅಲುಗದಂತೆ ಗೊಣಗುತ್ತಿತ್ತು: "ಜೋರಾಗಿ ಅಳಲೇ. ಬಾಡಿಗಿ ಮಂದಿ ನಿನಗಿಂತ ಚಲೋ ಅಳಾಕತ್ತಾರ."

ಇತ್ತ ಎರ್ರೆಪ್ಪ ಖುಷಿ ತಡೆಯಲಾರದೆ ಕೂತ ಹೆಣದ ಫೋಟೋ ತೆಗೆದು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡ. ಏನೂ ಬರೆಯಲಿಲ್ಲ, ಎರಡು ಕೈ ಮುಗಿಯುವ ಚಿತ್ರವನ್ನು ಮಾತ್ರ ಇಟ್ಟ. ಅತ್ತ ಬೆಂಗಳೂರಿನಲ್ಲಿ ಮ್ಯಾನೇಜರ್ ಕರ್ತವ್ಯವೆಂದು ಭಾವಿಸಿ ಧಾರಾವಾಹಿಯ ಫೇಸ್‌ಬುಕ್ ಪುಟದಲ್ಲಿ ಬರೆಸಿದರು: 'ನಮ್ಮ ನೆಚ್ಚಿನ ಗೋಪಿಯ ತಂದೆಯವರು ಪ್ರಯಾಣದಲ್ಲಿರುವಾಗ ಶಿವೈಕ್ಯರಾದರು.' ಇವೆರಡೂ ಮಧ್ಯಾಹ್ನ ಎರಡು ಗಂಟೆಗೆ ಕಂಪ್ಲಿಯಲ್ಲಿ ಸಂಧಿಸಿದವು.

ಮೊದಲು ಬಂದವರು ಭಜನೆ ಮೇಳದ ಓಬಳಪ್ಪ. ತಾಳ ಕಂಕುಳಲ್ಲೇ ಇತ್ತು.

"ಎಲ್ಲಿ ಕುಂದ್ರಿಸ್ಯಾರವಾ ತಂಗಿ?"

"ಯಾರನ್ರೀ?" ಎಂದಳು ಸ್ಫೂರ್ತಿ.

ಓಬಳಪ್ಪ ಫೋನು ಮುಂದೆ ಹಿಡಿದರು. ಮಾವ ಹೆಣವಾಗಿ ಕೂತಿದ್ದರು. ಎದುರಿಗೆ ಯಾರೋ ಟವಲ್ ಹೊದ್ದು ಅಳುತ್ತಿದ್ದ. ಮುಖ ಕಾಣುತ್ತಿರಲಿಲ್ಲ, ಆದರೆ ಟವಲ್ಲು ಹೊಸಪೇಟೆಯಲ್ಲಿ ಅವಳೇ ಕೊಂಡದ್ದು. ಸ್ಫೂರ್ತಿ ಅಲ್ಲೇ ಕುಸಿದು ಕೂತಳು. ಗಂಡನ ಫೋನು, ಮಾವನ ಫೋನು ಎರಡೂ ಸ್ವಿಚಾಫ್. ಸೆಟ್ಟಿನಲ್ಲಿ ಫೋನುಗಳನ್ನು ಬುಟ್ಟಿಗೆ ಹಾಕಿಸಿಕೊಂಡಿದ್ದರು.

ನಾಲ್ಕರ ಹೊತ್ತಿಗೆ ಮನೆ ತುಂಬಿತು. ಹಂಪಮ್ಮ ಬಾಳೆಹಣ್ಣಿನ ಬುಟ್ಟಿ ಬಿಟ್ಟು ಬಂದಳು. ಪುರಸಭೆಯ ಗುಮಾಸ್ತ ವಿರುಪಾಕ್ಷಪ್ಪ ಮರಣ ನೋಂದಣಿಯ ಫಾರಂ ಹಿಡಿದು ಬಂದು, "ಇಪ್ಪತ್ತೊಂದು ದಿನ ದಾಟಿದ್ರ ಭಾಳ ಓಡಾಡಬೇಕಾಗ್ತೈತಿ. ಮರಿಸ್ವಾಮಿಯೋರಂಥಾ ಮನಿಷಾಗ ನಾನ ಕೈಯಾರೆ ತುಂಬಿಕೊಡ್ತೀನಿ" ಎಂದು ಹೆಸರು, ವಯಸ್ಸು ಬರೆದು, ತಾರೀಖಿನ ಜಾಗವನ್ನು ಬಿಟ್ಟರು. ಇನ್ನು ಯಾರು ಸತ್ತರೂ ಕೂರಿಸುವವರೇ ಇಲ್ಲವಲ್ಲ ಎಂದು ಊರಿನ ಹಿರಿಯರು ತಮ್ಮತಮ್ಮ ಚಿಂತೆಯಲ್ಲಿ ಮುಳುಗಿದರು.

ಐದೂವರೆಗೆ ಆಟೋ ಬಂದು ನಿಂತಿತು. ಹೆಣ ಇಳಿಯಿತು. ಮುಖ ತೊಳೆದರೆ ಮೇಕಪ್ಪು ಹಾಳಾಗುತ್ತದೆ, ಸೊಸೆಗೆ ತೋರಿಸಬೇಕು ಎಂದು ಮರಿಸ್ವಾಮಿ ವಿಭೂತಿ, ಹಾರ, ರುಮಾಲಿನ ಸಮೇತ ಬಂದಿದ್ದರು. ಹಂಪಮ್ಮ ಚೀರಿದಳು. ಓಬಳಪ್ಪನ ತಾಳ ಕೆಳಗೆ ಬಿತ್ತು. ವಿರುಪಾಕ್ಷಪ್ಪ ಫಾರಂ ಹಿಂದಕ್ಕೆ ಎಳೆದುಕೊಂಡರು.

ವಿಷಯ ತಿಳಿದಾಗ ಮರಿಸ್ವಾಮಿಗೆ ಆದ ಸಂತೋಷ ಹೇಳತೀರದು. "ಇಷ್ಟು ಮಂದಿ ಬಂದೀರಿ? ಭಾಳ ಸಂತೋಷ, ಕುಂದ್ರಿ, ಕುಂದ್ರಿ. ಸ್ಫೂರ್ತಿ, ಎಲ್ಲಾರಿಗೂ ಚಾ ಮಾಡವಾ" ಎಂದು ಮಂಚದ ಮೇಲೆ ಕೂತು, ತಾವು ಸತ್ತಾಗ ಯಾರು ಎಷ್ಟು ಅತ್ತರು ಎಂದು ವಿಚಾರಿಸಿಕೊಳ್ಳತೊಡಗಿದರು. ಸ್ಫೂರ್ತಿ ಒಳಗೆ ಪಾತ್ರೆಗಳನ್ನು ಕುಕ್ಕುತ್ತಾ ಗಂಡನ ಕಡೆ ನೋಡಿದ ನೋಟಕ್ಕೆ ಸಿದ್ದಲಿಂಗೇಶ ಮತ್ತೆ ಟವಲ್ ಹೊದ್ದುಕೊಂಡ.

ಆಗ ಸಂಡೂರಿನ ಕಾರು ಬಂತು.

ಸಂಗಮ್ಮ ಕಾರಿನಿಂದ ಇಳಿಯುವಾಗಲೇ ತುರುಬು ಬಿಚ್ಚಿಹೋಗಿತ್ತು. "ಅಣ್ಣಾ, ಮಾತು ಬಿಟ್ಟಿದ್ದು ನಾನೋ! ನಾ ಬಿಟ್ರ ನೀನೂ ಬಿಡಬೇಕಿತ್ತೇನೋ! ಒಂದ ಸಲ ಸಂಗೀ ಅಂತ ಕರೀಬಾರದಿತ್ತೇನೋ!" ಎಂದು ಎದೆ ಬಡಿದುಕೊಳ್ಳುತ್ತ ಹೊಸ್ತಿಲು ದಾಟಿದಳು. ಅಣ್ಣ ಕಪ್ಪಿನಿಂದ ಬಸಿಗೆ ಚಾ ಸುರುವಿಕೊಂಡು ಊದುತ್ತಿದ್ದ.

"ಬಂದ್ಯಲ್ಲ ಸಂಗೀ!" ಮರಿಸ್ವಾಮಿ ನಕ್ಕುಬಿಟ್ಟರು. "ನಾ ಸತ್ತರ ನೀ ಬರ್ತಿ ಅಂತ ಗೊತ್ತಾತು ನೋಡು!"

ಮನೆಯ ತುಂಬ ಇದ್ದ ಜನರೂ ನಕ್ಕರು. ಸಂಗಮ್ಮ ಅಣ್ಣನನ್ನು ನೋಡಿದಳು, ಬಸಿಯನ್ನು ನೋಡಿದಳು. ಕೂದಲು ಎಳೆದು ಗಂಟು ಹಾಕಿಕೊಂಡಳು.

"ಇನ್ನೊಮ್ಮಿ ಸತ್ತರ ಬರಂಗಿಲ್ಲ" ಎಂದು ಹೇಳಿ, ಬಂದ ಕಾರಿನಲ್ಲೇ ತಿರುಗಿ ಹೋದಳು.

ರಜೆ ಮುಗಿಸಿ ಬೆಂಗಳೂರಿಗೆ ಬಂದ ಸಿದ್ದಲಿಂಗೇಶನನ್ನು ಮ್ಯಾನೇಜರ್ ತಬ್ಬಿಕೊಂಡು, ತಲೆ ನೋಡಿ, "ಬೋಳಿಸಿಲ್ವಾ?" ಎಂದರು. "ನಮ್ಮಲ್ಲಿ ಬೋಳಿಸೋದಿಲ್ಲ ಸರ್." "ಒಳ್ಳೇದಾಯ್ತು. ಕಂಟಿನ್ಯುಟಿ ಉಳೀತು" ಎಂದು ಸಮಾಧಾನಪಟ್ಟರು.

ಆ ಸಮಾಧಾನ ಎರಡು ತಿಂಗಳು ಬಾಳಿತು. ಅಷ್ಟರಲ್ಲಿ ಕೂತ ಹೆಣದ ಖ್ಯಾತಿ ಹಬ್ಬಿ, ಯಾವ ಶೂಟಿಂಗಿನಲ್ಲಿ ಯಾರು ಸತ್ತರೂ ಎರ್ರೆಪ್ಪ ಮರಿಸ್ವಾಮಿಗೇ ಫೋನ್ ಮಾಡುತ್ತಿದ್ದ. ಅವರು ಹಂಪಿಯಲ್ಲಿ ಎರಡು ಸಲ, ತೋರಣಗಲ್ಲಿನಲ್ಲಿ ಒಂದು ಸಲ ಸತ್ತರು. ಯೂಟ್ಯೂಬಿನವರು ಬಂದು ಸಂದರ್ಶನ ಮಾಡಿದರು. ಮರಿಸ್ವಾಮಿ ಹೆಮ್ಮೆಯಿಂದ, "ಆ ಪಿಚ್ಚರಿನಾಗ ಟವಲ್ ಹೊದ್ದು ಅಳಾಂವ ನನ್ನ ಮಗಾನ. ಮುಖ ಕಾಣಂಗಿಲ್ಲ, ಬೆನ್ನು ನೋಡಿ ಗುರ್ತು ಹಿಡೀರಿ" ಎಂದರು.

ಮ್ಯಾನೇಜರ್ ಗುರುತು ಹಿಡಿದರು. ಸಿದ್ದಲಿಂಗೇಶನನ್ನು ಕರೆದು ಫೋನು ತೋರಿಸಿ, ಅದರಲ್ಲಿ ಮಾತಾಡುತ್ತಿದ್ದ ದಿವಂಗತರನ್ನು ತೋರಿಸಿದರು. "ಶ್ರದ್ಧಾಂಜಲಿ ಬರೆಸಿದೆ ಕಣಯ್ಯ ನಾನು. ಕಣ್ಣೀರು ಹಾಕಿ ಬರೆಸಿದೆ. ಇನ್ನೊಂದೇ ಒಂದು ದಿನ ರಜಾ ಕೇಳು, ಗೋಪಿ ಗಾಡಿ ಘಾಟಿಯಿಂದ ಕೆಳಗೆ ಬೀಳುತ್ತೆ."

ಊರಲ್ಲಿ ಅಪ್ಪ ಮಾತ್ರ ಹೆಣದ ಪಾತ್ರ ಬಿಟ್ಟು ಬೇರೆ ಹೊತ್ತಿನಲ್ಲಿ ಮಂಕಾಗಿದ್ದರು. ತಂಗಿಗೆ ಫೋನ್ ಮಾಡಿದರೆ ಅವಳು ಎತ್ತುತ್ತಿರಲಿಲ್ಲ. ಮಗನಿಗೆ ಫೋನ್ ಮಾಡಿದಾಗಲೆಲ್ಲ ಅದೇ ಪ್ರಶ್ನೆ: "ಅಕಿ ಬರಂಗಿಲ್ಲ ಅಂದ್ಲಲ್ಲೋ. ಖರೇ ಬರಂಗಿಲ್ಲೇನು? ಅಕಿ ನನ್ನ ಮುಖ ನೋಡದ ಮಣ್ಣು ಮಾಡಬ್ಯಾಡ್ರಿ, ಮತ್ತ."

"ಸಾಯೋ ಮಾತು ಈಗ್ಯಾಕಪ್ಪ? ಶಾಟ್ ರೆಡಿ ಐತಿ, ಇಡ್ತೀನಿ" ಎಂದು ಸಿದ್ದಲಿಂಗೇಶ ಫೋನ್ ಇಡುತ್ತಿದ್ದ.

ದೀಪಾವಳಿ ಕಳೆದ ವಾರದಲ್ಲಿ ಒಂದು ಬೆಳಿಗ್ಗೆ ಆರೂವರೆಗೆ ಗೋಪಿಯ ಟೋಪಿ ಹಾಕಿಕೊಳ್ಳುತ್ತಿರುವಾಗ ಸ್ಫೂರ್ತಿ ಫೋನ್ ಮಾಡಿದಳು.

"ಮಾವ ಹೋದ್ರು."

"ಎಲ್ಲಿಗೆ?" ಎಂದ ಸಿದ್ದಲಿಂಗೇಶ.

ಎರ್ರೆಪ್ಪನ ಶೂಟಿಂಗ್ ಯಾವ ಊರಲ್ಲಿ ಎಂದು ಕೇಳುವವನಿದ್ದ.

"ಚಾ ಕೊಡಾಕ ಹೋದೆ, ಏಳಲಿಲ್ಲ" ಎಂದಳು ಸ್ಫೂರ್ತಿ. "ಓಬಳಪ್ಪನೋರಿಗೆ ಹೇಳಿದ್ರ ಕ್ಯಾಮರಾ ಎಲ್ಲಿ ಇಟ್ಟಾರ ಅಂತ ಕೇಳ್ತಾರ. ವಿರುಪಾಕ್ಷಪ್ಪನೋರು ಈ ಸಲ ನಾ ಬರಂಗಿಲ್ಲ ಅಂದ್ರು. ಯಾರೂ ಬರವಲ್ರು. ಮಾವನ್ನ ಕುಂದ್ರಸಬೇಕು, ಯಾರು ಕುಂದ್ರಸಬೇಕ್ರೀ?"

ಅವನು ಟೋಪಿ ಕೈಯಲ್ಲಿ ಹಿಡಿದುಕೊಂಡೇ ಮ್ಯಾನೇಜರ್ ಮುಂದೆ ನಿಂತ. ಈ ಸಲ ದನಿ ನಡುಗಲಿಲ್ಲ. ಅದೇ ಕೆಟ್ಟದಾಯಿತು.

"ನಮ್ಮಪ್ಪ ಹೋದ್ರು ಸರ್."

"ಎಲ್ಲಿಗೆ?" ಎಂದರು ಮ್ಯಾನೇಜರ್, ಕಾಗದದಿಂದ ಕಣ್ಣೆತ್ತದೆ.

ಸಿದ್ದಲಿಂಗೇಶ ಟೋಪಿಯನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ಬಂದ. ಬಾಡಿಗೆ ಕಾರಿನವನು ಬಾಗಿಲು ತೆರೆದು, "ಗಾಡಿ ರೆಡಿ ಸಾರ್" ಎಂದ.

ಚಿತ್ರದುರ್ಗ ದಾಟುವಾಗ ಮ್ಯಾನೇಜರ್ ಕಳಿಸಿದ ಮೆಸೇಜು ಬಂತು: 'ಗೋಪಿ ಆಕ್ಸಿಡೆಂಟ್ ಇವತ್ತೇ ತೆಗೀತಿದೀವಿ. ಟೋಪಿ ಡೂಪ್‌ಗೆ ಹಾಕಿದೀವಿ. ಮುಖ ತೋರಿಸಲ್ಲ.' ಸಿದ್ದಲಿಂಗೇಶ ಗಂಟೆ ಲೆಕ್ಕ ಹಾಕುತ್ತಿದ್ದ. ಕೂರಿಸಲು ಎಷ್ಟು ಹೊತ್ತಿನವರೆಗೆ ಆಗುತ್ತದೆ ಎಂದು ಕೇಳೋಣವೆಂದರೆ, ಅದು ಗೊತ್ತಿದ್ದವರು ಒಬ್ಬರೇ. ಸಂಡೂರಿನ ಅತ್ತೆಗೆ ಫೋನ್ ಮಾಡಲು ಎರಡು ಸಲ ನಂಬರು ಒತ್ತಿದ, ಎರಡು ಸಲವೂ ರಿಂಗಾಗುವ ಮೊದಲೇ ಕಟ್ ಮಾಡಿದ. ಮಣ್ಣಿಗೆ ಬನ್ನಿ ಎಂದು ಯಾವ ಬಾಯಲ್ಲಿ ಹೇಳುವುದು?

ಎರಡೂವರೆಗೆ ಮನೆ ಮುಟ್ಟಿದ. ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿಯಿತ್ತು, ಹೆಂಗಸರದು. ಒಳಗೆ ಹೆಜ್ಜೆಯಿಟ್ಟವನು ಅಲ್ಲೇ ನಿಂತ.

ಅಪ್ಪ ಕೂತಿದ್ದರು. ಕಾಲು ಮಡಚಿತ್ತು, ಬೆನ್ನು ನೆಟ್ಟಗಿತ್ತು, ರುಮಾಲು ಒಂದು ಎಳೆಯೂ ಆಚೀಚೆಯಾಗಿರಲಿಲ್ಲ. ಸಿನಿಮಾದಲ್ಲಿ ಕೂತದ್ದಕ್ಕಿಂತ ಚೆನ್ನಾಗಿ ಕೂತಿದ್ದರು. ಮೂಲೆಯಲ್ಲಿ ಸ್ಫೂರ್ತಿ ಇದ್ದಳು. ಎದುರಿಗೆ, ಮೊಳಕಾಲು ಕಟ್ಟಿಕೊಂಡು ಸಂಗಮ್ಮ ಕೂತಿದ್ದಳು. ಅಣ್ಣ ತಂಗಿಯ ನಡುವೆ ನೆಲದ ಮೇಲೆ ಒಂದು ಕಪ್ಪು, ಬಸಿ.

"ಯಾರು ಕುಂದ್ರಿಸಿದ್ರು?" ಎಂದ.

"ಅತ್ತಿಯೋರು" ಎಂದಳು ಸ್ಫೂರ್ತಿ. "ನಾನ ಫೋನ್ ಮಾಡಿದ್ದೆ, ಎಂಟೂವರಿಗೆ ಬಂದ್ರು. ಗಂಡಸ್ರಿಗೆ ಕಾಯ್ತಾ ಕುಂತ್ರ ಕಾಲು ಮಡಚಂಗಿಲ್ಲ ಅಂದ್ರು. ಸೆರಗು ಸೊಂಟಕ್ಕ ಕಟ್ಟಿದ್ರು. ಇಬ್ರೂ ಸೇರಿ ಕುಂದ್ರಿಸಿದ್ವಿ."

ಸಂಗಮ್ಮ ಅಣ್ಣನ ಮೇಲಿಂದ ಕಣ್ಣು ತೆಗೆಯದೆ ಮಾತಾಡಿದಳು. "ನನ್ನ ಗಂಡನ್ನ ಇಂವ ಮಲಗಿಸಿ ಕಳಿಸಿದ. ಇಂವನ್ನೂ ಹಂಗ ಕಳಿಸಬೇಕು, ಅದನ್ನ ಕಣ್ಣಾರೆ ನೋಡಬೇಕು ಅಂತ ಸಂಡೂರಿನಿಂದ ಅನ್ಕೋತನ ಬಂದೆ. ಬಾಗಲಾಗ ನಿಂತು ನೋಡಿದ್ರ, ಮಕ್ಕಂಡಿದ್ದ. ನನ್ನ ಕೈಲಿ ನೋಡಾಕ ಆಗ್ಲಿಲ್ಲೋ ಸಿದ್ದ."

"ಈ ಚಾ ಯಾರಿಗೆ ಅತ್ತಿ?"

"ಹೋದ ಸಲ ಕುಡಿಯಾಕತ್ತಿದ್ದ. ಈ ಸಲನೂ ಕುಡೀತಾನೇನೋ ಅಂತ ಇಟ್ಟೆ. ಬೆಳಗ್ಗಿಂದ ಮೂರು ಸಲ ಬಿಸಿ ಮಾಡೀನಿ."

ಕಾರು ಬಂದ ಸದ್ದಿಗೆ ಓಬಳಪ್ಪ ಬಾಗಿಲಿಗೆ ಬಂದು ಇಣುಕಿದರು. ಮೊದಲು ಸೂರಿನ ಮೂಲೆಗಳಲ್ಲಿ ಕ್ಯಾಮರಾ ಹುಡುಕಿದರು. ಆಮೇಲೆ ಮರಿಸ್ವಾಮಿಯ ಮುಖ ನೋಡಿ, ಇದೇನೂ ಹೊಸದಲ್ಲ ಎನ್ನುವಂತೆ ಸಣ್ಣಗೆ ನಕ್ಕರು. ಆಮೇಲೆ ಅವರ ಕಣ್ಣು ಕೆಳಗಿಳಿಯಿತು. ಕಪ್ಪು ತುಂಬಿದ್ದು ತುಂಬಿದಂತೆಯೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಓಬಳಪ್ಪ ಚಪ್ಪಲಿ ಬಿಟ್ಟರು. ಮತ್ತೆ ಮೆಟ್ಟದೆಯೇ ಮೇಳದವರನ್ನು ಕರೆಯಲು ಓಡಿದರು.

ಸಿದ್ದಲಿಂಗೇಶ ಅಪ್ಪನ ಮುಂದೆ ಕೂತ. ಅವನ ಕೈ ತಾನಾಗಿ ಹೆಗಲ ಮೇಲಿನ ಟವಲ್ಲಿಗೆ ಹೋಯಿತು. ತಲೆಯ ತುಂಬ ಎಳೆದುಕೊಂಡ. ಸಂಗಮ್ಮ ಕೈ ಚಾಚಿ ಅದನ್ನು ಕಿತ್ತು ಬದಿಗೆ ಹಾಕಿದಳು.

"ಮುಖ ತೋರ್ಸೋ. ಸಾಕು ಮುಚ್ಚಿಕಂಡಿದ್ದು. ನಿಮ್ಮಪ್ಪಗ ಬೆನ್ನು ತೋರಸ್ತೀಯೇನು?"

ಹೊರಗೆ ಒಬ್ಬೊಬ್ಬರಾಗಿ ಜನ ಸೇರುತ್ತಿದ್ದರು. ವಿರುಪಾಕ್ಷಪ್ಪ ಫಾರಮ್ಮಿನಲ್ಲಿ ಖಾಲಿ ಬಿಟ್ಟಿದ್ದ ತಾರೀಖಿಗಾಗಿ ಪೆನ್ನು ತೆಗೆದು, ಬರೆಯಲಾಗದೆ ಮತ್ತೆ ಕಿಸೆಗಿಟ್ಟರು.

"ಅಪ್ಪಾ" ಎಂದ ಸಿದ್ದ. ದನಿ ಸಣ್ಣಗಿತ್ತು, ಚಾ ಬೇಕಾ ಎಂದು ಕೇಳಿದ ಹಾಗೆಯೇ ಇತ್ತು. ಇನ್ನೊಮ್ಮೆ ಹೇಳು ಎಂದು ಯಾರೂ ಅನ್ನಲಿಲ್ಲ.